ಬಾಡಿಗೆ ಮನೆಯ ಬಿಸಿಲು

ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿ ಕಡೆಗೆ ಹೊರಟವರು ಮೊಬೈಲಿನಿಂದ ಒಮ್ಮೆ ತಲೆಯೆತ್ತಿ ಕಿಟಕಿಯಾಚೆ ನೋಡಬೇಕು. ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿ ದಾಟುವಷ್ಟು ಹೊತ್ತೂ ರೈಲು ಮನೆಗಳ ತಾರಸಿಯ ಮಟ್ಟದಲ್ಲೇ ಓಡುತ್ತದೆ. ಕಪ್ಪು ನೀರಿನ ಟ್ಯಾಂಕು, ಅದರ ಮಗ್ಗುಲಲ್ಲಿ ಇಳಿಜಾರಾಗಿ ಕೂತ ಸೋಲಾರ್ ವಾಟರ್ ಹೀಟರ್, ತಂತಿಯ ಮೇಲೆ ಸೀರೆ, ಪಂಚೆ, ಸ್ಕೂಲ್ ಯೂನಿಫಾರಂ, ಮೂಲೆಯಲ್ಲೊಂದು ತುಳಸಿ ಕುಂಡ. ಏಪ್ರಿಲ್ ತಿಂಗಳಾದರೆ ಹಳೆಯ ಪಂಚೆಯ ಮೇಲೆ ಸಾಲುಸಾಲು ಸಂಡಿಗೆ. ಬಿಸಿಲನ್ನು ದುಡಿಸಿಕೊಳ್ಳುವ ವಿದ್ಯೆ ನಮ್ಮ ಕಡೆಯ ಮನೆಗಳಿಗೆ ಹೊಸದಲ್ಲ.

ಆದರೆ ಆ ತಾರಸಿ ಯಾರದು? ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಎದ್ದಿದ್ದರೆ ಒಂದರಲ್ಲಿ ಮಾಲೀಕರು, ಉಳಿದವುಗಳಲ್ಲಿ ಎರಡೋ ಮೂರೋ ಬಾಡಿಗೆ ಸಂಸಾರ. ಸೋಲಾರ್ ಹೀಟರಿನ ಬಿಸಿನೀರು ಎಷ್ಟೋ ಕಟ್ಟಡಗಳಲ್ಲಿ ಮಾಲೀಕರ ನಲ್ಲಿಗೆ ಮಾತ್ರ ಬರುತ್ತದೆ. ಬಾಡಿಗೆಯವರದು ಕರೆಂಟ್ ಗೀಸರ್. ತಾರಸಿಯ ಬಾಗಿಲಿಗೆ ಬೀಗ, ಬೀಗದ ಕೈ ಮಾಲೀಕರ ಮನೆಯ ಮೊಳೆಗೆ. ಮದುವೆಯಾದಾಗಿನಿಂದ ನಾನು ಬದುಕಿದ್ದು ಇಂಥ ಮನೆಗಳಲ್ಲೇ. ಮೊದಲು ರಾಜಾಜಿನಗರದ ಭಾಷ್ಯಂ ಸರ್ಕಲ್ ಹತ್ತಿರ, ಆಮೇಲೆ ವಿಜಯನಗರ, ಈಗ ಬಸವೇಶ್ವರನಗರ. ಹನ್ನೊಂದು ತಿಂಗಳ ಕರಾರು, ಅದು ಮುಗಿದರೆ ಮತ್ತೊಂದು ಕರಾರು, ಇಲ್ಲವೇ ಲಾರಿ. ತಲೆಯ ಮೇಲೆ ಅಷ್ಟು ಬಿಸಿಲು ಸುರಿಯುತ್ತಿದ್ದರೂ ಅದರ ಮೇಲೆ ನಮಗೆ ಹಕ್ಕಿದೆಯೆಂದು ಅನ್ನಿಸಿರಲೇ ಇಲ್ಲ. ಮಡಿಚಿ ಎತ್ತಿಕೊಂಡು ಹೋಗುವ ಸೋಲಾರ್ ಪ್ಯಾನೆಲ್ ಬಗ್ಗೆ ಬರೆಯಬೇಕೆನ್ನಿಸಿದ್ದು ಈ ಕಾರಣಕ್ಕೇ. ಸ್ವಂತ ಸೂರಿಲ್ಲದವರಿಗೂ ಸೂರ್ಯನಲ್ಲಿ ಪಾಲಿದೆ ಎಂದು ನನಗೆ ತೋರಿಸಿಕೊಟ್ಟ ವಸ್ತು ಅದು.

ನೋಡುವುದಕ್ಕೆ ಅಂಥ ವಿಶೇಷವೇನಿಲ್ಲ. ಮಡಿಚಿದಾಗ ಕೈ ಹಿಡಿಯಿರುವ ದೊಡ್ಡ ಬ್ಯಾಗು. ಬಿಚ್ಚಿದರೆ ನಾಲ್ಕು ಮಡಿಕೆ. ದಪ್ಪ ಬಟ್ಟೆಯ ಮೇಲೆ ಕೂರಿಸಿದ ಕಪ್ಪು ಸೌರಕೋಶಗಳು, ಮೂಲೆಗಳಲ್ಲಿ ದಾರ ಕಟ್ಟಲು ಲೋಹದ ಉಂಗುರ, ಹಿಂದೆ ಆನಿಸಿ ನಿಲ್ಲಿಸಲು ಪಟ್ಟಿಯ ಕಾಲು. ಗಾಜಿಲ್ಲ. ಗಾಜಿನ ಬದಲು ಇಟಿಎಫ್‌ಇ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ತೆಳು ಪದರ. ಆದ್ದರಿಂದಲೇ ನೂರು ವ್ಯಾಟಿನ ಪ್ಯಾನೆಲ್ ನಾಲ್ಕೈದು ಕಿಲೊ ತೂಗುತ್ತದೆ, ಹೆಂಗಸೊಬ್ಬಳು ಒಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬಹುದು. ಜೊತೆಗೊಂದು ಬ್ಯಾಟರಿ ಪೆಟ್ಟಿಗೆ, ಅಂಗಡಿಯವರ ಭಾಷೆಯಲ್ಲಿ ಪವರ್ ಸ್ಟೇಷನ್. ನಮ್ಮದು ಅರ್ಧ ಯೂನಿಟ್, ಅಂದರೆ 500 ವ್ಯಾಟ್-ಅವರ್ ಹಿಡಿಯುವಂಥದ್ದು. ಒಳಗಿರುವುದು ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು. ಎರಡು ಸಾವಿರಕ್ಕೂ ಹೆಚ್ಚು ಸಲ ತುಂಬಿ ಖಾಲಿ ಮಾಡಿದರೂ ಬಹುಪಾಲು ಶಕ್ತಿ ಉಳಿಸಿಕೊಳ್ಳುವ ಜಾತಿ ಅದು.

ಇದಕ್ಕೆ ಮುಂಚೆ ನಮ್ಮ ಮನೆಯಲ್ಲಿದ್ದದ್ದು ಎಲ್ಲರ ಮನೆಯಲ್ಲಿರುವಂಥ ಯುಪಿಎಸ್ಸು. 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ ಐವತ್ತು ಕಿಲೊಗೂ ಹೆಚ್ಚು ಭಾರ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಚಾರ್ಜಾಗುವಾಗ ಹೈಡ್ರೋಜನ್ ಬಿಡುವುದರಿಂದ ಗಾಳಿಯಾಡುವ ಕಡೆಯೇ ಇಡಬೇಕು. ಮನೆ ಬದಲಿಸುವ ದಿನ ಬೀರುವಿಗಿಂತ ಅದನ್ನು ಇಳಿಸುವುದೇ ಕಷ್ಟ, ಆಸಿಡ್ ಚೆಲ್ಲದಂತೆ ನೆಟ್ಟಗೆ ಹಿಡಿದೇ ಇಳಿಸಬೇಕು. ಸ್ವಂತ ಮನೆಯವರಿಗೆ ಅದು ಇವತ್ತಿಗೂ ಒಳ್ಳೆಯ ವ್ಯವಸ್ಥೆಯೇ. ಹನ್ನೊಂದು ತಿಂಗಳ ಬದುಕಿನವರಿಗಲ್ಲ.

ಪ್ಯಾನೆಲ್ ತಂದ ದಿನ ಮನೆಯ ಮಾಲೀಕರಾದ ಆಂಟಿ ಮೆಟ್ಟಿಲ ಬುಡದಲ್ಲೇ ತಡೆದು ಕೇಳಿದರು.

"ಏನಮ್ಮ ಅದು? ತಾರಸಿಗೆ ತೂತು ಹೊಡೀಬೇಕಾ?"

"ಇಲ್ಲ ಆಂಟಿ, ಒಂದು ಮೊಳೆಯೂ ಬೇಡ. ಬೆಳಿಗ್ಗೆ ಹಾಸ್ತೀನಿ, ಸಾಯಂಕಾಲ ಮಡಚಿ ಎತ್ಕೊಂಡು ಬರ್ತೀನಿ."

"ಮೊಮ್ಮಕ್ಕಳು ಮೇಲೆ ಆಡಕ್ಕೆ ಹೋಗ್ತವೆ. ಶಾಕ್ ಹೊಡೆಯಲ್ಲ ತಾನೆ?"

ಇಪ್ಪತ್ತು ವೋಲ್ಟಿನ ಆಸುಪಾಸಿನ ಡಿಸಿ, ಶಾಕ್ ಹೊಡೆಯುವಷ್ಟಿಲ್ಲ ಎಂದು ಹೇಳಿದೆ. ಸ್ವಲ್ಪ ಯೋಚಿಸಿ, "ಸರಿ, ಏಪ್ರಿಲ್‌ನಲ್ಲಿ ಮಾತ್ರ ಆ ದಕ್ಷಿಣದ ಮೂಲೆ ನಂಗೆ ಬಿಡ್ಬೇಕು, ಸಂಡಿಗೆ ಇಡೋದಿದೆ" ಅಂದರು. ಒಪ್ಪಂದ ಮುಗಿಯಿತು. ಅವರ ಮೊದಲ ಪ್ರಶ್ನೆ ತೂತಿನ ಕುರಿತಾಗಿತ್ತು ಎಂಬುದನ್ನು ನಾನು ಆಮೇಲೂ ನೆನೆಸಿಕೊಂಡಿದ್ದೇನೆ. ಮನೆ ಕಟ್ಟಿಸಿದವರಿಗೆ ತಾರಸಿ ಸೋರುವ ಭಯ ಮಳೆಗಾಲ ಬಂದಾಗಲೆಲ್ಲ ಮರಳುತ್ತದೆ. ಗೋಡೆ ಕೊರೆಯದೆ, ಮೊಳೆ ಹೊಡೆಯದೆ ಬಂದು ಹೋಗುವುದು ಈ ಪ್ಯಾನೆಲ್ಲಿನ ದೊಡ್ಡ ಗುಣ.

ಆ ತಾರಸಿಯಲ್ಲಿ ನಾನು ಬಿಸಿಲನ್ನು ಕಲಿತೆ. ಹಾಗೆಂದರೆ ಅತಿಶಯವಲ್ಲ. ಅಲ್ಲಿಯವರೆಗೆ ಬಿಸಿಲೆಂದರೆ ಹೆಚ್ಚು, ಕಡಿಮೆ, ಉರಿ ಎಂಬಷ್ಟೇ ಲೆಕ್ಕ. ಪೆಟ್ಟಿಗೆಯ ಪುಟ್ಟ ಪರದೆ ಅದಕ್ಕೆ ಅಂಕಿ ಕೊಟ್ಟಿತು. ನೂರು ವ್ಯಾಟ್ ಎಂದು ಬರೆದಿರುವ ಪ್ಯಾನೆಲ್ಲಿನಲ್ಲಿ ಒಳ್ಳೆಯ ಬಿಸಿಲಿಗೆ ಎಪ್ಪತ್ತು ವ್ಯಾಟ್ ಬಂದರೆ ಸಂತೋಷ ಪಡಬೇಕು. ಇದು ಕಂಪನಿಯವರ ಮೋಸವೇನಲ್ಲ. ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಸೌರಕೋಶದ ಮೈ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅಳೆದ ಸಂಖ್ಯೆ ಅದು. ಪ್ರಯೋಗಾಲಯದಲ್ಲಿ ಇವೆರಡನ್ನೂ ಕೂಡಿಸಬಹುದು, ಏಪ್ರಿಲಿನ ಸಿಮೆಂಟು ತಾರಸಿಯಲ್ಲಿ ಆಗುವುದಿಲ್ಲ. ಅಲ್ಲಿ ಪ್ಯಾನೆಲ್ಲಿನ ಮೈ ಅರವತ್ತು ಡಿಗ್ರಿಗೆ ಏರುತ್ತದೆ. ಒಂದೊಂದು ಡಿಗ್ರಿ ಏರಿದಾಗಲೂ ಶೇಕಡಾ ಒಂದರ ಮೂರನೇ ಒಂದು ಭಾಗದಷ್ಟು ಶಕ್ತಿ ಸೋರುತ್ತದೆ. ಕಾವೇರಿದಷ್ಟೂ ಬಿಸಿಲಿನ ಫಸಲು ತಗ್ಗುತ್ತದೆ ಎಂದು ತಿಳಿದಾಗ ನನಗೆ ನಿಜಕ್ಕೂ ಬೆರಗಾಯಿತು. ಹೊಳೆವ ಆಕಾಶ, ತಣ್ಣನೆ ಗಾಳಿಯ ಜನವರಿಯ ಹನ್ನೊಂದು ಗಂಟೆಯಲ್ಲಿ ಬರುವಷ್ಟು ವ್ಯಾಟ್ ಏಪ್ರಿಲಿನ ಮಟಮಟ ಮಧ್ಯಾಹ್ನದಲ್ಲಿ ಎಷ್ಟೋ ದಿನ ಬರುವುದಿಲ್ಲ. ಆದ್ದರಿಂದ ಪ್ಯಾನೆಲ್ಲನ್ನು ನೆಲಕ್ಕೆ ಅಂಟಿಸಿದಂತೆ ಹಾಸಬಾರದು. ಕಾಲು ಬಿಚ್ಚಿ ನಿಲ್ಲಿಸಿ, ಕೆಳಗೆ ಗಾಳಿಯಾಡಲು ಬಿಡಬೇಕು. ಬ್ಯಾಟರಿ ಪೆಟ್ಟಿಗೆಯನ್ನಂತೂ ಬಿಸಿಲಿಗೆ ಇಡಲೇಕೂಡದು. ನಮ್ಮದು ನೀರಿನ ಟ್ಯಾಂಕಿನ ಕಟ್ಟೆಯ ಕೆಳಗಿನ ನೆರಳಲ್ಲಿ ಕೂರುತ್ತದೆ. ಸಂಜೆ ಅದನ್ನು ಹೊತ್ತು ಮನೆಗೆ ಇಳಿಸುವುದು ಮಗನ ಕೆಲಸ.

ನೆರಳಿನ ಸಂಗತಿ ಇನ್ನೂ ಸೂಕ್ಷ್ಮ. ಪ್ಯಾನೆಲ್ಲಿನ ಒಂದೇ ಒಂದು ಕೋಶದ ಮೇಲೆ ಅಂಗೈ ಇಟ್ಟರೆ ಹಾಳಾಗುವುದು ಅಂಗೈಯಗಲದ ಕರೆಂಟು ಮಾತ್ರ ಎಂದುಕೊಳ್ಳುತ್ತೇವೆ. ಹಾಗಲ್ಲ, ಅಂಕಿ ಅರ್ಧಕ್ಕಿಂತಲೂ ಕೆಳಗೆ ಕುಸಿದುಬಿಡುತ್ತದೆ. ಕೋಶಗಳೆಲ್ಲ ಒಂದರ ಹಿಂದೊಂದು ಸರಪಣಿಯಾಗಿ ಜೋಡಣೆಯಾಗಿರುವುದೇ ಕಾರಣ. ಬಾವಿಕಟ್ಟೆಯಿಂದ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವಾಗ ನಡುವೆ ಒಬ್ಬರು ಕೈ ಕಟ್ಟಿ ನಿಂತರೆ ಹೇಗೋ ಹಾಗೆ. ಚಾವಣಿಗೆ ಬಿಗಿಯುವ ದೊಡ್ಡ ಪ್ಯಾನೆಲ್ಲುಗಳಲ್ಲಿ ನೆರಳು ಬಿದ್ದ ಭಾಗವನ್ನು ಬಳಸಿ ದಾಟಿಸುವ ಬೈಪಾಸ್ ಡಯೋಡುಗಳಿರುತ್ತವೆ. ಮಡಿಚುವವುಗಳಲ್ಲಿ ಎಲ್ಲದರಲ್ಲೂ ಇರುವುದಿಲ್ಲ. ಹೀಗಾಗಿ ಟ್ಯಾಂಕಿನ ನೆರಳು, ಪಕ್ಕದ ಮನೆಯ ತೆಂಗಿನ ಗರಿಯ ನೆರಳು, ಕೇಬಲ್ ಟಿವಿಯ ವೈರಿನ ಎಳೆ ನೆರಳು, ಎಲ್ಲಕ್ಕೂ ಬೆಲೆಯಿದೆ. ಬಟ್ಟೆ ಒಣಗಿಸುವ ತಂತಿಯೇ ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ಮೊದಲ ಮಹಡಿಯವರು ಸೋಮವಾರ ಬೆಡ್‌ಶೀಟ್ ಒಗೆಯುತ್ತಾರೆ. ಅವರಿಗೆ ಹೇಳಿದೆ, ಅವರೂ ತಂತಿಯ ಪಡುವಣ ತುದಿಯಿಂದ ಬಟ್ಟೆ ಹಾಕತೊಡಗಿದರು. ಮೂರು ಸಂಸಾರದ ಬಟ್ಟೆ, ಆಂಟಿಯ ಸಂಡಿಗೆ, ನನ್ನ ಪ್ಯಾನೆಲ್ಲು, ಎಲ್ಲಕ್ಕೂ ಜಾಗ ಸಾಕಾಗುತ್ತದೆ. ಕೇಳಿ ಹೇಳಿ ಮಾಡಿಕೊಂಡರೆ.

ದಿಕ್ಕಿನ ವಿಷಯಕ್ಕೆ ಬಂದರೆ, ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಾಗಿಡಿ ಎನ್ನುವುದು ಸೋಲಾರಿನವರ ಸೂತ್ರ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಕಬ್ಬಿಣದ ಚೌಕಟ್ಟಿಗೆ ಬಿಗಿದ ಪ್ಯಾನೆಲ್ಲಿಗೆ ಆ ಸೂತ್ರ ಸರಿ. ಕೈಯಲ್ಲಿ ತಿರುಗಿಸುವವರಿಗೆ ಅದಕ್ಕಿಂತ ಚೆನ್ನಾದ ದಾರಿ ಇದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ, ಆವತ್ತು ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೂ ನೆರಳಿಲ್ಲ. ಅಲ್ಲಿಂದಾಚೆ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿ ಕೂತರೆ ಆ ತಿಂಗಳುಗಳಲ್ಲಿ ಬೆನ್ನು ತೋರಿಸಿದಂತೆಯೇ. ಡಿಸೆಂಬರಿನಲ್ಲಾದರೆ ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಇಷ್ಟೆಲ್ಲ ನೆನಪಿಡಬೇಕಾಗಿಲ್ಲ. ಪ್ಯಾನೆಲ್ಲಿನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಹಿಡಿದು, ಅದರ ನೆರಳು ಮಾಯವಾಗುವ ತನಕ ಪ್ಯಾನೆಲ್ಲನ್ನು ವಾಲಿಸಿದರೆ ಸಾಕು. ಬೆಳಿಗ್ಗೆ ಒಮ್ಮೆ, ಹನ್ನೊಂದಕ್ಕೊಮ್ಮೆ, ಊಟವಾದ ಮೇಲೊಮ್ಮೆ. ನಮ್ಮ ಅತ್ತೆಗೆ ಈಗ ಗಡಿಯಾರ ನೋಡದೆಯೇ ಹೊತ್ತು ಗೊತ್ತಾಗುತ್ತದೆ. "ಹೋಗಮ್ಮ, ಬಿಸಿಲು ತಿರುಗಿತು" ಎಂದು ಎಚ್ಚರಿಸುವವರು ಅವರೇ.

ಮಡಿಚುವ ಸೌರಫಲಕದ ಕಥೆ ನಮ್ಮ ಪಶ್ಚಿಮ ಬೆಂಗಳೂರಿಗೆ ಇನ್ನೊಂದು ಬಗೆಯಲ್ಲೂ ಹತ್ತಿರದ್ದು. ಬಸವೇಶ್ವರನಗರದಿಂದ ವೆಸ್ಟ್ ಆಫ್ ಕಾರ್ಡ್ ರೋಡ್ ಹಿಡಿದು, ಯಶವಂತಪುರ, ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ. ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ, ನಮ್ಮ ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ತಯಾರಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದ ಆರ್ಯಭಟಕ್ಕೆ 26 ಮುಖ, ಹೆಚ್ಚುಕಡಿಮೆ ಮೈಯೆಲ್ಲ ಸೌರಕೋಶ. ಕಕ್ಷೆ ಸೇರಿದ ಕೆಲವೇ ದಿನಕ್ಕೆ ಒಳಗಿನ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ನಿಂತವು. ಕರೆಂಟ್ ಹೋಗುವುದೇನೆಂದು ನಮ್ಮ ಬಾಹ್ಯಾಕಾಶ ವಿಜ್ಞಾನಿಗಳು ಮೊದಲ ಹೆಜ್ಜೆಯಲ್ಲೇ ಕಂಡರು. ಆಮೇಲೆ ಬಂದದ್ದು ಆ್ಯಪಲ್ ಉಪಗ್ರಹ. ಎತ್ತಿನ ಗಾಡಿಯ ಮೇಲೆ ಉಪಗ್ರಹ ಕೂತಿರುವ ಫೋಟೊ ನೋಡದವರು ಕಡಿಮೆ, ಅದು ಇದೇ. ಅದೂ ಕೈಗಾರಿಕಾ ಶೆಡ್ಡುಗಳಲ್ಲಿ, ಎರಡೇ ವರ್ಷದಲ್ಲಿ ರೂಪುಗೊಂಡಿತು. 1981ರ ಜೂನ್ 19ರಂದು ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು. ಅದರ ಎರಡು ಸೌರಫಲಕಗಳು ಮಡಿಚಿಕೊಂಡು ಹೋಗಿ ಮೇಲೆ ಬಿಚ್ಚಿಕೊಳ್ಳಬೇಕಿತ್ತು. ಒಂದು ಬಿಚ್ಚಿತು, ಇನ್ನೊಂದು ಬಿಚ್ಚಲಿಲ್ಲ. ಉಳಿದ ಒಂದು ಫಲಕದ ಶಕ್ತಿಯಲ್ಲೇ ಎರಡು ವರ್ಷಕ್ಕೂ ಮೀರಿ ಅದನ್ನು ನಡೆಸಿಕೊಂಡು ಹೋದರು. ಇರುವ ವ್ಯಾಟುಗಳಲ್ಲಿ ಯಾವುದಕ್ಕೆ ಎಷ್ಟು, ಯಾವಾಗ ಎಂದು ಹಂಚಿಕೊಂಡು ನಡೆಸುವ ಆ ಜಾಣ್ಮೆಯ ಬಗ್ಗೆ ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಅಮೆರಿಕದ ಸ್ಕೈಲ್ಯಾಬಿಗೂ 1973ರಲ್ಲಿ ಇದೇ ಕಷ್ಟ ಬಂದು, ಸಿಕ್ಕಿಕೊಂಡಿದ್ದ ಸೌರರೆಕ್ಕೆಯನ್ನು ಗಗನಯಾನಿಗಳು ಹೊರಗೆ ಹೋಗಿ ಕತ್ತರಿಸಿ ಬಿಡಿಸಿದ್ದರು.

ಉಪಗ್ರಹ ಬಿಟ್ಟು ಸೌರಕೋಶದ ಮಾತಿಗೆ ಬಂದರೆ, 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಮೊದಲ ಸಿಲಿಕಾನ್ ಸೌರಕೋಶ ಬಿದ್ದ ಬೆಳಕಿನ ಶೇಕಡಾ 6ರಷ್ಟನ್ನು ಕರೆಂಟಾಗಿಸುತ್ತಿತ್ತು. ನಮ್ಮ ತಾರಸಿಯ ಮೇಲಿನದು ಶೇಕಡಾ 20 ದಾಟುತ್ತದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆಗೆ ಹೋಗುವಾಗ ಸಿಗುವ ಬಿಎಚ್‌ಇಎಲ್ ಕಾರ್ಖಾನೆಯಲ್ಲಿ ಸೌರಕೋಶ, ಸೌರಫಲಕ ತಯಾರಾಗುತ್ತವೆ. ಅದೇ ಸಂಸ್ಥೆ ಬೆಂಗಳೂರಿನಿಂದಲೇ ಇಸ್ರೋ ಉಪಗ್ರಹಗಳಿಗೂ ಸೌರಫಲಕ ಮಾಡಿಕೊಡುತ್ತದೆ. ಆ ಗೇಟಿನೊಳಗೆ ದುಡಿದು ನಿವೃತ್ತರಾದವರು ನಮ್ಮ ವಿಜಯನಗರ, ಚಂದ್ರಾ ಲೇಔಟುಗಳ ಬೀದಿಗಳಲ್ಲಿ ಸಂಜೆ ವಾಕಿಂಗಿಗೆ ಸಿಗುತ್ತಾರೆ. ಪ್ಯಾನೆಲ್ಲಿನ ಬಗ್ಗೆ ಅನುಮಾನವಿದ್ದರೆ ಅಂಥವರನ್ನು ಕೇಳಿ, ಅರ್ಧ ಗಂಟೆ ನಿಂತು ವಿವರಿಸುತ್ತಾರೆ.

ಇನ್ನು ಮನೆಯ ಮಾತು. ಏಪ್ರಿಲ್ ಕೊನೆ, ಮೇ ತಿಂಗಳ ಸಂಜೆಮಳೆ ಬೆಂಗಳೂರಿಗೆ ಬರುವ ರೀತಿ ಗೊತ್ತೇ ಇದೆ. ನಾಲ್ಕು ಗಂಟೆಗೆ ಕಪ್ಪಾಗಿ, ಐದಕ್ಕೆ ಗಾಳಿ, ಐದೂವರೆಗೆ ಯಾವುದೋ ಕ್ರಾಸಿನಲ್ಲಿ ಗುಲ್‌ಮೊಹರ್ ಕೊಂಬೆ ತಂತಿಯ ಮೇಲೆ. ಅಂಥದ್ದೊಂದು ರಾತ್ರಿ ನಮ್ಮ ಏರಿಯಾಕ್ಕೆಲ್ಲ ಕರೆಂಟಿರಲಿಲ್ಲ. ಲೈನ್‌ಮನ್‌ಗಳು ರೈನ್‌ಕೋಟ್ ಹಾಕಿಕೊಂಡು ಮಳೆಯಲ್ಲೇ ಕಂಬ ಹತ್ತಿದ್ದರು. ನಮ್ಮ ಮನೆಯಲ್ಲಿ ಎರಡು ಎಲ್ಇಡಿ ಬಲ್ಬು, ಕಡಿಮೆ ಕರೆಂಟು ಸಾಕಾಗುವ ಒಂದು ಬಿಎಲ್‌ಡಿಸಿ ಫ್ಯಾನು, ವೈಫೈ ರೂಟರ್ ನಡೆಯುತ್ತಿದ್ದವು. ಬಲ್ಬುಗಳು 18 ವ್ಯಾಟ್, ಫ್ಯಾನು 30, ರೂಟರ್ 10. ಎಲ್ಲ ಸೇರಿ ಅರವತ್ತರೊಳಗೆ. 500 ವ್ಯಾಟ್-ಅವರಿನ ಪೆಟ್ಟಿಗೆಯಲ್ಲಿ ಡಿಸಿಯನ್ನು ಎಸಿ ಮಾಡುವಾಗ ಸೋರುವುದನ್ನು ಕಳೆದರೆ ಕೈಗೆ ಸಿಗುವುದು 425ರಷ್ಟು. ಏಳು ಗಂಟೆ ಧಾರಾಳ. ಹಳೆಯ ಕಾಲದ 75 ವ್ಯಾಟಿನ ಫ್ಯಾನೇ ಇದ್ದಿದ್ದರೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತಿತ್ತು. ಅತ್ತೆಗೆ ಉಬ್ಬಸ. ಮಳೆಗಾಲದಲ್ಲಿ ರಾತ್ರಿ ನೆಬ್ಯುಲೈಸರ್ ಬೇಕಾಗುತ್ತದೆ. ನೂರು ವ್ಯಾಟಿನ ಸುಮಾರಿನ ಯಂತ್ರ, ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಕರೆಂಟು ಇರಲೇಬೇಕು. ನಮ್ಮ ಮನೆಯಲ್ಲಿ ಈ ಪ್ಯಾನೆಲ್ಲು, ಪೆಟ್ಟಿಗೆ ಬಂದದ್ದೇ ಆ ಹತ್ತು ನಿಮಿಷಕ್ಕಾಗಿ. ಉಳಿದದ್ದೆಲ್ಲ ಅದರ ಬೆನ್ನ ಹಿಂದೆ ಬಂದ ಅನುಕೂಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರ್ ಇದರಲ್ಲಿ ಓಡುವುದಿಲ್ಲ. ಓಡಿಸುವ ಆಸೆಯನ್ನೂ ಪಡಬಾರದು.

ಆ ರಾತ್ರಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮ ಬೀದಿಯ ಕೊನೆಯ ಮನೆಯ ಮೇಲೆ ಮೂರು ಕಿಲೊವ್ಯಾಟಿನ ಸೋಲಾರ್ ಇದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೊವ್ಯಾಟಿಗೆ 78,000 ರೂಪಾಯಿಯವರೆಗೆ ಸಬ್ಸಿಡಿ ಸಿಗುತ್ತದಲ್ಲ, ಅಂಥದ್ದು. ಆದರೂ ಆ ಮನೆ ಕತ್ತಲಲ್ಲಿತ್ತು. ಬ್ಯಾಟರಿ ಇಲ್ಲದೆ ನೇರವಾಗಿ ಬೆಸ್ಕಾಂ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದರೆ ಹಗಲಲ್ಲೂ ತಾನಾಗಿ ಆಫ್ ಆಗುತ್ತದೆ. ಆಗಲೇಬೇಕು. ಇಲ್ಲವಾದರೆ ಚಾವಣಿಯ ಕರೆಂಟು ಹಿಮ್ಮುಖವಾಗಿ ತಂತಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್ನಿನ ಜೀವ ತೆಗೆಯುತ್ತದೆ. ಸಣ್ಣ ಪೆಟ್ಟಿಗೆಯವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಎರಡೂ ತುದಿಗೆ ಪ್ಲಗ್ಗಿರುವ ವೈರು ಮಾಡಿಸಿ ಪೆಟ್ಟಿಗೆಯ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟು ಮನೆಯೆಲ್ಲ ಬೆಳಗಿಸುವ ಉಪಾಯ ಹೇಳಿಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಫ್ಯಾನಿರಲಿ ಬಲ್ಬಿರಲಿ ಪೆಟ್ಟಿಗೆಗೇ ನೇರವಾಗಿ ಸಿಕ್ಕಿಸಿ. ನಾವು ಹಾಲ್‌ನಲ್ಲಿ ಟೇಬಲ್ ಫ್ಯಾನ್ ಮಾದರಿಯ ಬಿಎಲ್‌ಡಿಸಿ ಇಟ್ಟುಕೊಂಡಿರುವುದು ಅದಕ್ಕೇ.

ಕ್ಯಾಂಪಿಂಗ್ ಮಾತನ್ನೂ ಹೇಳಬೇಕು. ಮಗನಿಗೆ ಟೆಲಿಸ್ಕೋಪಿನ ಹುಚ್ಚು. ಬಸವೇಶ್ವರನಗರದ ಆಕಾಶದಲ್ಲಿ ಚಂದ್ರ, ಗುರು, ಶನಿ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಡಿಸೆಂಬರ್ 13, 14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಬರುವ ಜೆಮಿನಿಡ್ ಉಲ್ಕೆಗಳನ್ನು ನೋಡಲು ಅವನೂ ಅವನ ಗೆಳೆಯರೂ ಮಾಗಡಿ ಕಡೆಗೆ ಹೋಗುತ್ತಾರೆ, ನಾನೂ ಹೋಗುತ್ತೇನೆ. ಸಾವನದುರ್ಗದ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಟೆಂಟ್ ಹಾಕುವಂತಿಲ್ಲ. ನಾವು ಇಳಿದುಕೊಳ್ಳುವುದು ಪರಿಚಯದ ರೈತರೊಬ್ಬರ ಹೊಲದಲ್ಲಿ, ಅವರನ್ನು ಕೇಳಿಯೇ. ರಾಗಿ ಕೊಯ್ದು ಮೆದೆ ಹಾಕಿರುತ್ತಾರೆ, ಬದುವಿನಲ್ಲಿ ಸೊಗಡಿನ ಅವರೆಕಾಯಿ. ಹಗಲೆಲ್ಲ ಪ್ಯಾನೆಲ್ಲನ್ನು ಬಂಡೆಯೊಂದಕ್ಕೆ ಆನಿಸಿಟ್ಟರೆ ಸಂಜೆಯ ಹೊತ್ತಿಗೆ ಪೆಟ್ಟಿಗೆ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಟೆಲಿಸ್ಕೋಪನ್ನು ನಕ್ಷತ್ರದ ಜೊತೆ ತಿರುಗಿಸುವ ಮೋಟಾರಿಗೆ 12 ವೋಲ್ಟ್ ಬೇಕು, ರಾತ್ರಿಯಿಡೀ ಬೇಕು. ಮಸೂರದ ಮೇಲೆ ಇಬ್ಬನಿ ಕೂರದಂತೆ ಸುತ್ತುವ ಬಿಸಿಪಟ್ಟಿಗೂ ಬೇಕು. ಜನರೇಟರ್ ತಂದರೆ ಸದ್ದು, ಹೊಗೆ, ಡೀಸೆಲ್ ವಾಸನೆ. ಇದಕ್ಕೆ ಯಾವುದೂ ಇಲ್ಲ. ಕೆಂಪು ಸೆಲ್ಲೋಫೇನ್ ಸುತ್ತಿದ ಒಂದು ಪುಟ್ಟ ದೀಪ ಬಿಟ್ಟರೆ ಬೇರೆ ಬೆಳಕು ಹಚ್ಚುವುದಿಲ್ಲ. ಕರೆಂಟ್ ಇದೆಯೆಂದು ಕಾಡಂಚಿನಲ್ಲಿ ಸೀರಿಯಲ್ ಸೆಟ್ಟು, ಸ್ಪೀಕರ್ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕತ್ತಲೆಯನ್ನು ಹುಡುಕಿಕೊಂಡು ಅಷ್ಟು ದೂರ ಹೋಗಿ ಅದನ್ನೇ ಕೆಡಿಸುವುದು ತಪ್ಪು.

ಆ ಹೊಲದ ರೈತರು ಪ್ಯಾನೆಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು, "ಇದ್ರಲ್ಲಿ ನಮ್ ಬೋರಿನ ಮೋಟ್ರು ಓಡ್ತದೇನಕ್ಕ?"

"ಇಲ್ಲಣ್ಣ. ನಿಮ್ಮ ಐದು ಎಚ್‌ಪಿ ಮೋಟ್ರಿಗೆ ಇಂಥವು ಐವತ್ತಾದ್ರೂ ಬೇಕು."

"ರಾತ್ರಿಯೆಲ್ಲ ಕಣ ಕಾಯ್ಬೇಕಲ್ಲ, ಒಂದು ಬಲ್ಬು ಉರೀತದಾ?"

ಅದು ಉರಿಯುತ್ತದೆ. ಐದು ವ್ಯಾಟಿನ ಬಲ್ಬು ರಾತ್ರಿಯಿಡೀ ಉರಿದರೂ ಪೆಟ್ಟಿಗೆಯ ಸಣ್ಣ ಪಾಲು ಮಾತ್ರ ಖರ್ಚಾಗುತ್ತದೆ. ನಮ್ಮ ಟೆಲಿಸ್ಕೋಪಿಗೆ ಬೆಳಕು ತಾಗದ ಹಾಗೆ ಮೆದೆಯ ಆ ಮಗ್ಗುಲಲ್ಲಿ ಕಟ್ಟಿಕೊಟ್ಟೆವು. ಆನೆ, ಹಂದಿ ಬರುವ ಸೀಮೆ ಅದು. ಬೋರ್‌ವೆಲ್ಲಿಗೆ ದೊಡ್ಡ ಪ್ಯಾನೆಲ್ ಬೇಕೆನ್ನುವವರಿಗೆ ಕುಸುಮ್ ಯೋಜನೆ ಇದೆ ಎಂದೂ ಹೇಳಿ ಬಂದೆವು.

ದೊಡ್ಡ ಪ್ಯಾನೆಲ್ಲುಗಳೆಂದರೆ, ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಬರದ ನಾಡಿಗೆ ಬಂದ ದೊಡ್ಡ ಯೋಜನೆ. ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕೆಲಸ, ಎಕರೆಗೆ ವರ್ಷಕ್ಕಿಷ್ಟು ಎಂದು ಅವರ ಕೈಗೆ ಹಣ ಸೇರುತ್ತದೆ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಹೋಯಿತು. ನೆಲ ಇದ್ದವರಿಗೆ ಬಿಸಿಲು ಹಣವಾಯಿತು. ಊರಲ್ಲಿ ಸೂರು ಇದ್ದವರಿಗೆ ಸಬ್ಸಿಡಿಯಾಯಿತು. ಎರಡೂ ಇಲ್ಲದವರಿಗೂ ಬಿಸಿಲು ದಕ್ಕಬೇಕೆಂದು ಯೋಚಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆ ಕರಾವಳಿ, ಮಲೆನಾಡುಗಳ ಮನೆಗಳಿಗೆ ಬ್ಯಾಂಕ್ ಸಾಲದ ಮೂಲಕ ಸೋಲಾರ್ ದೀಪ ತಲುಪಿಸಿತು, ತಳ್ಳುಗಾಡಿಯವರಿಗೆ ದಿನಬಾಡಿಗೆಯ ದೀಪದ ದಾರಿ ತೋರಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮಡಿಚುವ ಪ್ಯಾನೆಲ್ಲನ್ನು ಮಾರುವವರು ಅದನ್ನು ಟ್ರೆಕ್ಕಿಂಗಿನ ಹುಡುಗರ ವಸ್ತುವೆಂದೇ ತೋರಿಸುತ್ತಾರೆ. ನನಗೆ ಅದು ತಳ್ಳುಗಾಡಿಯವರ, ಬಾಡಿಗೆಯವರ, ಪೇಯಿಂಗ್ ಗೆಸ್ಟ್ ಹುಡುಗಿಯರ ವಸ್ತುವಾಗಿ ಕಾಣುತ್ತದೆ.

ದುಡ್ಡಿನ ಲೆಕ್ಕದಲ್ಲಿ ಇದು ಗೆಲ್ಲುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಅದೇ ವ್ಯಾಟಿನ ಗಾಜಿನ ಪ್ಯಾನೆಲ್ಲಿಗಿಂತ ಇದಕ್ಕೆ ಹಲವು ಪಟ್ಟು ಬೆಲೆ. ನೂರು ವ್ಯಾಟಿನ ಪ್ಯಾನೆಲ್ಲು ಒಳ್ಳೆಯ ದಿನ ಕೊಡುವುದು ಒಂದು ಯೂನಿಟ್ಟಿನ ಮೂರನೇ ಒಂದು ಭಾಗ, ಅಂದರೆ ಎರಡು ರೂಪಾಯಿ ಆಸುಪಾಸಿನ ಕರೆಂಟು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲೇ ಬಾರದ ಮನೆಗಳಿಗಂತೂ ಉಳಿತಾಯದ ಪ್ರಶ್ನೆಯೇ ಇಲ್ಲ. ಜೂನ್, ಜುಲೈ ತಿಂಗಳ ಮೋಡದಲ್ಲಿ ಹದಿನೈದು ಇಪ್ಪತ್ತು ವ್ಯಾಟ್ ಬಂದರೆ ಹೆಚ್ಚು, ಆಗ ಪೆಟ್ಟಿಗೆಯನ್ನು ಗೋಡೆಯ ಕರೆಂಟಿನಲ್ಲೇ ತುಂಬಿಟ್ಟುಕೊಳ್ಳಬೇಕು. ವರ್ಷವಿಡೀ ಹೊರಗೆ ಬಿಡುವ ವಸ್ತುವೂ ಇದಲ್ಲ. ಮಡಿಕೆಯೊಳಗೆ ಹಾದುಹೋಗುವ ವೈರುಗಳು, ಹೊಲಿಗೆ ಬೇಗ ಸೋಲುತ್ತವೆ. ಕೊಳ್ಳುವವರು ಮೊದಲು ಮನೆಯಲ್ಲಿ ಕರೆಂಟ್ ಹೋದಾಗ ನಿಜವಾಗಿ ಬೇಕಾಗುವುದು ಏನೇನು ಎಂದು ಬರೆದು, ಅದರ ವ್ಯಾಟ್ ಕೂಡಿಸಿ, ಗಂಟೆಗೆ ಗುಣಿಸಿ. ಇಟಿಎಫ್‌ಇ ಪದರ ಇದೆಯೇ ಎಂದು ಕೇಳಿ. ಪ್ಯಾನೆಲ್ಲಿನ ಪಿನ್ನು ಪೆಟ್ಟಿಗೆಗೆ ಹೊಂದದಿದ್ದರೆ ಎಸ್.ಪಿ. ರೋಡಿನಲ್ಲಿ ಎಲ್ಲ ಬಗೆಯ ಕನೆಕ್ಟರ್ ಸಿಗುತ್ತವೆ. ಆದರೆ ವೋಲ್ಟೇಜ್ ಹೊಂದುವುದೋ ಇಲ್ಲವೋ ನೋಡದೆ ಸಿಕ್ಕಿಸಬೇಡಿ.

ಮನೆಯಲ್ಲಿ ಉಸಿರಾಟದ ತೊಂದರೆಯವರು, ಪರೀಕ್ಷೆಗೆ ಓದುವ ಮಕ್ಕಳು, ಮನೆಯಿಂದಲೇ ಆಫೀಸು ನಡೆಸುವವರು ಇದ್ದು, ಚಾವಣಿ ನಿಮ್ಮದಲ್ಲದಿದ್ದರೆ ಇದು ಕೊಳ್ಳಲು ಯೋಗ್ಯವಾದ ವಸ್ತು. ಸ್ವಂತ ಚಾವಣಿ ಇದ್ದರೆ ಇದನ್ನು ಬಿಟ್ಟು ಗಾಜಿನ ಪ್ಯಾನೆಲ್ಲನ್ನು ಭದ್ರವಾಗಿ ಬಿಗಿಸಿ, ಜೊತೆಗೊಂದು ಬ್ಯಾಟರಿಯನ್ನೂ ಇಡಿ.

ಕೆಂಗೇರಿ ಉಪನಗರದ ಆಚೆ, ಉಲ್ಲಾಳದ ಕಡೆ, ಮಾಗಡಿ ರಸ್ತೆಯ ಹೊಸ ಬಡಾವಣೆಗಳಲ್ಲಿ ದಿನವೂ ಹೊಸ ಮನೆಗಳು ಮೇಲೇಳುತ್ತಿವೆ. ಬಾಡಿಗೆಗೆಂದು ಮಹಡಿ ಕಟ್ಟಿಸುವವರಲ್ಲಿ ನನ್ನದೊಂದು ಕೋರಿಕೆ. ಪ್ಲಾಸ್ಟರ್ ಆಗುವ ಮುಂಚೆ ತಾರಸಿಯಿಂದ ಪ್ರತಿ ಬಾಡಿಗೆ ಮನೆಯ ಹಾಲ್‌ಗೆ ಒಂದಿಂಚಿನ ಖಾಲಿ ಪಿವಿಸಿ ಪೈಪು ಹಾಕಿಸಿ, ಎರಡೂ ತುದಿಗೆ ಮುಚ್ಚಳ ಹಾಕಿಬಿಡಿ. ಆಗ ಪೆಟ್ಟಿಗೆಯನ್ನು ಯಾರೂ ದಿನವೂ ಹೊತ್ತು ಇಳಿಸಬೇಕಾಗುವುದಿಲ್ಲ, ಪ್ಯಾನೆಲ್ಲಿನ ವೈರೊಂದು ಇಳಿದರೆ ಸಾಕು. ಕಟ್ಟುವಾಗ ಅದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ಕಟ್ಟಿ ಮುಗಿದ ಮೇಲೆ ಗೋಡೆ ಒಡೆಯದೆ ಅದನ್ನು ಹಾಕಿಸಲು ಆಗುವುದಿಲ್ಲ.